ಮುಂಬಯಿ ಫ್ಯಾಷನ್ ಶೋಗೆ ಸಫಾರಿ ಸೂಟು ಹೋದದ್ದು

ಫ್ಯಾಷನ್ ಶೋ ಅಂದಕೂಡಲೇ ನಿಮ್ಮ ಕಣ್ಣ ಮುಂದೆ ಏನು ಬರುತ್ತದೆ, ಹೇಳಿ ನೋಡೋಣ? ಬಳುಕುವ ಬೆಡಗಿಯರು, ಫಳ್ ಫಳ್ ಎನ್ನುವ ಕ್ಯಾಮೆರಾಗಳು, ಎದೆ ನಡುಗಿಸುವ ಸಂಗೀತ, ಕೊನೆಯಲ್ಲಿ ತೇಲಿ ಬರುವ ಒಬ್ಬ ತಾರೆ... ಅಷ್ಟೇ ತಾನೇ? ಬಟ್ಟೆಬರೆಯ ಬಗ್ಗೆ ನಾಲ್ಕು ಅಕ್ಷರ ಗೀಚಿ ಹೊಟ್ಟೆ ಹೊರೆಯುವ ಈ ನಿಮ್ಮ ಮಿತ್ರ ಅಂಥ ಶೋಗಳನ್ನು ಬೆಂಗಳೂರಿನಲ್ಲೂ ಮುಂಬಯಿಯಲ್ಲೂ ಸಾಕಷ್ಟು ನೋಡಿದ್ದಾನೆ. ಯಾವುದು ಎಲ್ಲಿ ನಡೆಯಿತು ಅಂತ ಈಗ ಕೇಳಿದರೆ ತಲೆ ಕೆರೆದುಕೊಳ್ಳಬೇಕು. ಆದರೆ 2023ರ ಮಾರ್ಚ್ ತಿಂಗಳಲ್ಲಿ ಮುಂಬಯಿಯಲ್ಲಿ ನೋಡಿದ್ದನ್ನು ಮಾತ್ರ ಮರೆತಿಲ್ಲ. ಯಾಕೆಂದರೆ ಅವತ್ತು ನನ್ನ ಪಕ್ಕದ ಕುರ್ಚಿಯಲ್ಲಿ ಕೂತಿದ್ದವನು ನಮ್ಮಪ್ಪ.

ನಮ್ಮಪ್ಪ ಟೈಲರ್. ಹುಬ್ಬಳ್ಳಿಯ ದುರ್ಗದ ಬೈಲ್ ಹತ್ತಿರದ ಗಲ್ಲಿಯಲ್ಲಿ ಎರಡು ಮಶೀನಿನ ಅಂಗಡಿ. ಆ ಕಾಲದಲ್ಲಿ ಹೊಸ ಸಿನಿಮಾ ಬಿಡುಗಡೆ ಆಯಿತೆಂದರೆ ಅಪ್ಪ ಮೊದಲನೇ ದಿನವೇ ಗಾಂಧಿ ಕ್ಲಾಸಿನಲ್ಲಿ ಹಾಜರ್! ನಾವು ನೀವು ನಾಯಕಿಯ ಮುಖ ನೋಡುತ್ತೇವೆ. ಅಪ್ಪ ನೋಡುತ್ತಿದ್ದದ್ದು ನಾಯಕನ ಕಾಲರ್. ರಾತ್ರಿ ಮನೆಗೆ ಬಂದವನೇ ಹಳೇ ಪೇಪರು ಹಾಸಿ, ಸೀಮೆಸುಣ್ಣದಲ್ಲಿ ಗೆರೆ ಎಳೆದು, ಬೆಳಗಾಗುವುದರೊಳಗೆ ಆ ಅಂಗಿಯ ಕಟಿಂಗ್ ತಯಾರು ಮಾಡುತ್ತಿದ್ದನಂತೆ. 1972ರಲ್ಲಿ ‘ನಾಗರಹಾವು’ ಬಂದಾಗ ಹುಡುಗರು ವಿಷ್ಣುವರ್ಧನ್ ಥರದ ಅಂಗಿ ಬೇಕೆಂದು ಸಾಲು ಹಚ್ಚಿದ್ದರು. 1978ರ ‘ಆಪರೇಷನ್ ಡೈಮಂಡ್ ರಾಕೆಟ್’ ಬಂದಾಗ ಅಣ್ಣಾವ್ರ ಪ್ಯಾಂಟು. 1987ರಲ್ಲಿ ‘ಪ್ರೇಮಲೋಕ’ ಬಂತು ನೋಡಿ, ರವಿಚಂದ್ರನ್ ಜಾಕೆಟ್ಟಿಗೆ ಮುಂಗಡ ಕೊಟ್ಟು ತಿಂಗಳು ಕಾಯುತ್ತಿದ್ದರು ಕಾಲೇಜು ಹುಡುಗರು. ಇದನ್ನು ಓದುತ್ತಿರುವ ನಿಮ್ಮ ತಂದೆಯೋ ಸೋದರಮಾವನೋ ಆ ಸಾಲಿನಲ್ಲಿ ನಿಂತಿದ್ದರೂ ನಿಂತಿರಬಹುದು.

ಆಮೇಲೆ ರೆಡಿಮೇಡ್ ಬಂತು. ಜೀನ್ಸ್ ಬಂತು. ಅಪ್ಪನ ಕೆಲಸ ಪ್ಯಾಂಟಿನ ಕಾಲು ಗಿಡ್ಡ ಮಾಡುವುದು, ಜಿಪ್ ಬದಲಿಸುವುದು, ಇಷ್ಟಕ್ಕೆ ಇಳಿಯಿತು. ಎರಡನೇ ಮಶೀನಿನ ಮೇಲೆ ನಾನು ಕೂಡಬೇಕಿತ್ತು. ಕೂಡಲಿಲ್ಲ. ಬೆಂಗಳೂರಿಗೆ ಓಡಿಹೋಗಿ ಬಟ್ಟೆಯ ಬಗ್ಗೆ ಬರೆಯತೊಡಗಿದೆ. ಮೊದಲ ಲೇಖನ ಅಚ್ಚಾದ ಪತ್ರಿಕೆ ಹಿಡಿದುಕೊಂಡು ಊರಿಗೆ ಹೋದಾಗ ಅಪ್ಪ ಅದನ್ನು ಪೂರ್ತಿ ಓದಿ, ಮಡಿಚಿಟ್ಟು ಹೇಳಿದ್ದು ಒಂದೇ ಮಾತು: “ಹೊಲಿಯಾಕ ಬರದಾಂವ ಹೊಲಿಗಿ ಬಗ್ಗೆ ಬರೀತಾನ.” ಆಮೇಲೆ ಬಹಳ ವರ್ಷ ನಾವಿಬ್ಬರೂ ಹಬ್ಬಕ್ಕೆ, ಔಷಧಕ್ಕೆ ಬೇಕಾದಷ್ಟೇ ಮಾತಾಡಿದೆವು.

2023ರ ಫೆಬ್ರವರಿಯಲ್ಲಿ ಅಪ್ಪನ ಫೋನು. ಅಂಗಡಿ ಬಿಡಬೇಕಂತೆ, ಮಾಲೀಕರು ಕಟ್ಟಡ ಕೆಡವುತ್ತಾರಂತೆ, ಮಶೀನಿಗೆ ಗಿರಾಕಿ ನೋಡಿದ್ದಾನಂತೆ. ಸರಿ ಅಂದೆ. ಫೋನು ಇಡಲಿಲ್ಲ ಅಪ್ಪ. “ನೀ ಹೋಗಿ ಹೋಗಿ ನೋಡ್ತಿಯಲ್ಲ ಆ ಶೋ, ಅದನ್ನ ನಾನೂ ಒಮ್ಮಿ ನೋಡಬೇಕು. ಮಶೀನು ಕೊಡೂದಕ್ಕಿಂತ ಮೊದಲ” ಅಂದ.

ಪತ್ರಿಕೆಯವರಿಗೆ ಪಾಸು ಹಂಚುವ ಕೆಲಸದಲ್ಲಿದ್ದ ಪರಿಚಯದ ಹುಡುಗನೊಬ್ಬನ ಕೈಕಾಲು ಹಿಡಿದು ಲ್ಯಾಕ್ಮೆ ಫ್ಯಾಷನ್ ವೀಕಿನ ಎರಡು ಪಾಸು ದಕ್ಕಿಸಿಕೊಂಡೆ. ಅಂದ ಹಾಗೆ ಈ ಲ್ಯಾಕ್ಮೆ ಅನ್ನುವ ಹೆಸರು ಏನು ಗೊತ್ತೇ? ನಮ್ಮ ಲಕ್ಷ್ಮಿಯೇ! ಫ್ರೆಂಚರ ಬಾಯಲ್ಲಿ ಲಕ್ಷ್ಮಿ ಲ್ಯಾಕ್ಮೆ ಆದಳು. ಅವಳ ಹೆಸರಿನಲ್ಲಿ ಅವರದೊಂದು ಸಂಗೀತ ನಾಟಕ ಇದೆ. 1952ರಲ್ಲಿ ಟಾಟಾದವರು ಸೌಂದರ್ಯ ಸಾಮಗ್ರಿಯ ಕಂಪನಿ ತೆರೆದಾಗ ಆ ಹೆಸರನ್ನೇ ಇಟ್ಟರು.

ಹುಬ್ಬಳ್ಳಿಯಿಂದ ಸಂಜೆಯ ಸ್ಲೀಪರ್ ಬಸ್ಸು. ಅಪ್ಪ ಬಂದ ವೇಷ ನೋಡಿ ನನ್ನ ಎದೆ ಧಸಕ್ಕೆಂದಿತು. 1987ರಲ್ಲಿ ತಾನೇ ಹೊಲಿದುಕೊಂಡ ಸಫಾರಿ ಸೂಟು! ಕಾಫಿಪುಡಿ ಬಣ್ಣ, ಅಗಲ ಕಾಲರ್, ನಾಲ್ಕು ಜೇಬು, ಅಂಚಿಗೆ ಎದ್ದು ಕಾಣುವ ಬಿಳಿ ಹೊಲಿಗೆ. ನಾನೋ, ಹಿಂದಿನ ಸಲ ಮುಂಬಯಿಯ ಫ್ಯಾಷನ್ ಸ್ಟ್ರೀಟಿನಲ್ಲಿ, ಆಜಾದ್ ಮೈದಾನದ ಎದುರಿನ ಸಾಲಂಗಡಿಯಲ್ಲಿ ಚೌಕಾಸಿ ಮಾಡಿ ತಂದಿದ್ದ ಕರೀ ಕೋಟು ಹಾಕಿದ್ದೆ. ಅಪ್ಪ ಅದರ ಒಳಗಡೆ ಕೈ ಹಾಕಿ ಅಸ್ತರು ಮುಟ್ಟಿ ನೋಡಿ “ಹ್ಞೂಂ” ಅಂದ. ಅಷ್ಟೇ.

ರಾತ್ರಿ ಕೊಲ್ಲಾಪುರದ ಹತ್ತಿರ ಬಸ್ಸು ಊಟಕ್ಕೆ ನಿಂತಿತು. ಸಿನಿಮಾ ಪ್ರೇಮಿಗಳು ಕೈ ಮುಗಿಯಬೇಕಾದ ಊರು ಅದು. ಭಾರತಕ್ಕೆ ಮೊಟ್ಟಮೊದಲ ಆಸ್ಕರ್ ತಂದವರು ನಟರಲ್ಲ, ನಿರ್ದೇಶಕರಲ್ಲ. ಉಡುಪು ತಯಾರಿಸಿದ ಹೆಂಗಸು! ಭಾನು ಅಥೈಯಾ. ಹುಟ್ಟಿದ್ದು ಇದೇ ಕೊಲ್ಲಾಪುರದಲ್ಲಿ. ‘ಗಾಂಧಿ’ ಚಿತ್ರಕ್ಕೆ 1983ರಲ್ಲಿ ಇನ್ನೊಬ್ಬ ವಿನ್ಯಾಸಕಾರ ಜಾನ್ ಮೊಲ್ಲೊ ಜೊತೆ ಆ ಪ್ರಶಸ್ತಿ ಪಡೆದರು. ತಮ್ಮ ನಂತರ ಅದಕ್ಕೆ ದಿಕ್ಕಿಲ್ಲವಾದೀತು ಎಂದು 2012ರಲ್ಲಿ ಅಕಾಡೆಮಿಗೇ ಜೋಪಾನಕ್ಕೆ ವಾಪಸು ಕೊಟ್ಟರು. 2020ರಲ್ಲಿ ತೀರಿಕೊಂಡರು. ಇದನ್ನೆಲ್ಲ ದೊಡ್ಡ ಪಂಡಿತನಂತೆ ಅಪ್ಪನಿಗೆ ಹೇಳಿದೆ. ಅಪ್ಪ ರೊಟ್ಟಿ ಮುರಿಯುತ್ತಾ, “ಬ್ರಹ್ಮಚಾರಿ ಪಿಚ್ಚರಿನ್ಯಾಗ ಮುಮ್ತಾಜ್ ಉಟ್ಟ ಕೇಸರಿ ಸೀರಿ ಆಕೀದಾ ಕೆಲಸ. ಅದು ಸೀರಿ ಅಲ್ಲೋ, ಹೊಲದದ್ದು. ಹಂಗ ಉಟ್ಟರ ಕುಣಿಯಾಕ ಆಗೂದಿಲ್ಲ” ಅಂದ. ನಾನು ಸುಮ್ಮನೆ ಪಲ್ಯಕ್ಕೆ ಕೈ ಹಾಕಿದೆ.

ಬೆಳಿಗ್ಗೆ ಸಯನ್ನಿನಲ್ಲಿ ಇಳಿದೆವು. ಅಲ್ಲಿಂದ ಮಾಟುಂಗಾ ದೂರವೇನಲ್ಲ. ನಮ್ಮವರ ಮುಂಬಯಿ ಅಂದರೆ ಅದೇ. 1926ರಲ್ಲಿ ಶುರುವಾದ ಮೈಸೂರು ಅಸೋಸಿಯೇಷನ್ ಅಲ್ಲಿದೆ. ಬೀದಿಯಲ್ಲಿ ಮಲ್ಲಿಗೆ ಮಾಲೆ, ಹುರಿದ ಕಾಫಿಬೀಜದ ಘಮ. ಪರಿಚಯದವರೊಬ್ಬರ ಖೋಲಿಯಲ್ಲಿ ಸ್ನಾನ ಮುಗಿಸಿ, ಮಧ್ಯಾಹ್ನ ಸ್ಟೇಷನ್ ಪಕ್ಕದ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನಲ್ಲಿ ಬಾಳೆಲೆ ಊಟ ಹೊಡೆದೆವು. 1942ರಿಂದ ನಡೆದು ಬಂದ ಊಟದ ಮನೆ ಅದು. ಅಪ್ಪ ಎರಡು ಸಲ ಸಾರು ಹಾಕಿಸಿಕೊಂಡು, “ಶೋ ನೋಡದಿದ್ರೂ ನಡೀತೈತಿ ಈಗ” ಅಂದ. ಬಹಳ ವರ್ಷದ ಮೇಲೆ ಅಪ್ಪ ನನ್ನೆದುರು ಮಾಡಿದ ಮೊದಲ ತಮಾಷೆ!

ಊಟದ ಮೇಲೆ ಕಪ್ಪು-ಹಳದಿ ಟ್ಯಾಕ್ಸಿ ಹಿಡಿದೆವು. ಅದೃಷ್ಟಕ್ಕೆ ಪದ್ಮಿನಿ ಕಾರು. ಎಷ್ಟು ಹಿಂದಿ ಸಿನಿಮಾಗಳಲ್ಲಿ ಎಷ್ಟು ಹೀರೋಗಳು ಅದರಲ್ಲಿ ಬಂದಿಳಿದಿದ್ದಾರೋ! ಅದೇ ವರ್ಷ ಅಕ್ಟೋಬರಿನಲ್ಲಿ ಆ ಟ್ಯಾಕ್ಸಿಗಳು ಮುಂಬಯಿಯ ರಸ್ತೆಗೆ ಶಾಶ್ವತವಾಗಿ ವಿದಾಯ ಹೇಳಿದವು. ನಾವು ಹೋಗಬೇಕಾಗಿದ್ದದ್ದು ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸಿಗೆ. ಆ ದಾರಿಯಲ್ಲಿ ಮೊದಲು ಸಿಗುವುದು ಧಾರಾವಿ. ಅದನ್ನು ದಾಟಿ ಮೀಠಿ ನದಿ, ನದಿ ದಾಟಿದರೆ ಗಾಜಿನ ಕಟ್ಟಡಗಳು, ಬ್ಯಾಂಕುಗಳು, ವಜ್ರದ ವ್ಯಾಪಾರದ ಭಾರತ್ ಡೈಮಂಡ್ ಬೋರ್ಸ್. ನದಿ ಅಂದರೆ ತುಂಗಭದ್ರೆ ಅಂದುಕೊಳ್ಳಬೇಡಿ ಮತ್ತೆ, ಮೂಗು ಮುಚ್ಚಿಕೊಂಡು ದಾಟುವ ಕಪ್ಪು ನೀರು.

ಧಾರಾವಿಯ ತೊಂಬತ್ತು ಅಡಿ ರಸ್ತೆಯಲ್ಲಿ ಟ್ಯಾಕ್ಸಿ ಸಿಕ್ಕಿಕೊಂಡಿತು. ಕಿಟಕಿ ತೆರೆದಿತ್ತು. ಅಪ್ಪ ಥಟ್ಟನೆ ಕಿವಿ ನೆಟ್ಟಗೆ ಮಾಡಿ “ಮಶೀನು!” ಅಂದ. ನನಗೆ ಹಾರನ್ ಬಿಟ್ಟು ಬೇರೇನೂ ಕೇಳಿಸಿರಲಿಲ್ಲ. ಶೋಗೆ ಇನ್ನೂ ಹೊತ್ತಿತ್ತು. ಇಳಿದೇ ಬಿಟ್ಟ. ನಾನು ಟ್ಯಾಕ್ಸಿಗೆ ದುಡ್ಡು ಕೊಟ್ಟು ಹಿಂದೆ ಓಡಿದೆ.

ಎರಡು ಜನ ಎದುರಾದರೆ ಒಬ್ಬ ಗೋಡೆಗೆ ಅಂಟಬೇಕು, ಅಂಥ ಗಲ್ಲಿ. ಕಬ್ಬಿಣದ ಏಣಿ ಹತ್ತಿದರೆ ಒಂದು ಕೋಣೆ, ಬಿಹಾರದ ಹತ್ತು ಹನ್ನೆರಡು ಹುಡುಗರು, ಟ್ಯೂಬ್‌ಲೈಟು, ಫ್ಯಾನಿನ ಗಾಳಿಗೆ ಹಾರುವ ದಾರದ ಚೂರು. ಪಕ್ಕದ ಕೋಣೆಯಲ್ಲಿ ಅಡ್ಡಾ. ಅಂದರೆ ಮಂಚದ ಹಾಗಿರುವ ಕಟ್ಟಿಗೆಯ ಚೌಕಟ್ಟು. ಬಟ್ಟೆಯನ್ನು ಅದಕ್ಕೆ ಬಿಗಿದು, ಸುತ್ತಲೂ ನಾಲ್ವರು ನೆಲದ ಮೇಲೆ ಕೂತು ಜರ್ದೋಜಿ ಮಾಡುತ್ತಾರೆ. ಸೂಜಿ ಮೇಲಿನಿಂದ ಇಳಿಯುತ್ತದೆ, ಕೆಳಗಿನ ಕೈ ಕಾಣದೆಯೇ ದಾರ ಕೊಡುತ್ತದೆ. ಅಪ್ಪ ತನ್ನ ಹರುಕು ಹಿಂದಿಯಲ್ಲಿ “ಏಕ್ ಪೀಸ್ ಕಾ ಕಿತನಾ?” ಅಂತ ಕೇಳಿದ. ಹುಡುಗ ಹೇಳಿದ ಕೂಲಿಗೆ ಅಪ್ಪ ತಲೆ ಕೊಡವಿ, ನನ್ನ ಕಡೆ ತಿರುಗಿ, “ಇವನ್ನೆಲ್ಲಾ ನೀ ಬರದೀ ಏನು?” ಅಂದ. ನಾನು ಹತ್ತು ಸಲ ಅದೇ ರಸ್ತೆಯಲ್ಲಿ ಟ್ಯಾಕ್ಸಿಯ ಗಾಜು ಏರಿಸಿಕೊಂಡು ಹೋಗಿದ್ದೆ ಮಿತ್ರರೇ. ಏನಂತ ಹೇಳಲಿ?

ಜಿಯೋ ವರ್ಲ್ಡ್ ಗಾರ್ಡನ್ನಿನ ಬಾಗಿಲಿನಲ್ಲಿ ನಡೆದದ್ದನ್ನು ಬರೆಯಲು ನನಗೆ ನಾಚಿಕೆ. ಆದರೂ ಬರೆಯುತ್ತೇನೆ.

ಇಂಥ ಶೋಗಳ ಹೊರಗಡೆಯೇ ಇನ್ನೊಂದು ಶೋ ಇರುತ್ತದೆ. ಬರುವ ಅತಿಥಿಗಳ ಉಡುಪನ್ನೇ ಚಿತ್ರ ತೆಗೆಯಲು ಕ್ಯಾಮೆರಾ ಹುಡುಗರು ಬಾಗಿಲಲ್ಲಿ ಕಾದಿರುತ್ತಾರೆ. ಒಬ್ಬಳ ತಲೆಯ ಮೇಲೆ ನವಿಲುಗರಿ, ಒಬ್ಬನ ಕಾಲಲ್ಲಿ ಎರಡು ಬಣ್ಣದ ಬೂಟು, ಒಬ್ಬ ತನ್ನ ಅಜ್ಜಿಯ ಸೀರೆಯನ್ನೇ ಪಂಚೆ ಮಾಡಿ ಉಟ್ಟು ಬಂದಿದ್ದ. ನಾನೂ ಕೋಟಿನ ಗುಂಡಿ ಹಾಕಿ, ಕೂದಲು ತೀಡಿ, ಬೇಕೆಂತಲೇ ನಿಧಾನ ನಡೆದೆ. ಒಂದು ಕ್ಯಾಮೆರಾವಾದರೂ ತಿರುಗಬೇಕಲ್ಲ! ಎಲ್ಲ ಕ್ಯಾಮೆರಾಗಳೂ ನನ್ನ ಹಿಂದೆ ನೋಡುತ್ತಿದ್ದವು. ಹಿಂದೆ ಬರುತ್ತಿದ್ದದ್ದು ಸಫಾರಿ ಸೂಟು!

“ಅಂಕಲ್, ಇಧರ್! ಅಂಕಲ್, ಏಕ್ ಮಿನಿಟ್!” ಮೂವತ್ತಾರು ವರ್ಷದ ಹಳೇ ಸಫಾರಿ ಅವತ್ತು ಅಲ್ಲಿ ಭಾರೀ ಫ್ಯಾಷನ್! ಒಬ್ಬಳು ಹುಡುಗಿ ಆ ಬಿಳಿ ಹೊಲಿಗೆಯನ್ನು ಹತ್ತಿರದಿಂದ ತೆಗೆದಳು. ಅಪ್ಪ ಮದುವೆ ಫೋಟೋಗೆ ನಿಂತಂತೆ ಕೈ ಎರಡೂ ಪಕ್ಕಕ್ಕೆ ಬಿಗಿದು ನಿಂತಿದ್ದ. ಅಷ್ಟರಲ್ಲಿ ಬೆಂಗಳೂರಿನ ಪರಿಚಯದ ಪತ್ರಕರ್ತರಿಬ್ಬರು ಬಂದರು. ಇಂಗ್ಲಿಷಿನಲ್ಲಿ ಕೇಳಿದರು, “ಯಾರಯ್ಯಾ ಈ ಮಹಾನುಭಾವರು, ನಿನಗೆ ಗೊತ್ತಾ?”

ಕ್ಯಾಮೆರಾ ನನ್ನ ಕಡೆ ತಿರುಗದ ಹೊಟ್ಟೆಯುರಿಯೋ, ಅವರು ನಗುತ್ತಿದ್ದಾರೆಂಬ ಅನುಮಾನವೋ, ನನ್ನ ಬಾಯಿಂದ ಬಂದ ಮಾತು: “ನಮ್ಮ ಊರಿನವರು.”

ಅಪ್ಪನಿಗೆ ಇಂಗ್ಲಿಷು ಬರುವುದಿಲ್ಲ, ಕೇಳಿಸಿರಲಾರದು ಅಂದುಕೊಂಡೆ.

ಒಳಗೆ ನಮಗೆ ಸಿಕ್ಕದ್ದು ಹಿಂದಿನ ಸಾಲು. ಈ ಸಾಲುಗಳ ವಿಷಯ ನಿಮಗೆ ಹೇಳಬೇಕು. ಮುಂದಿನ ಸಾಲು ಅಂದರೆ ಸಿಂಹಾಸನ. ತಾರೆಯರು, ದೊಡ್ಡ ಖರೀದಿದಾರರು, ದೊಡ್ಡ ಪತ್ರಿಕೆಗಳ ಸಂಪಾದಕರು ಅಲ್ಲಿ. ಆಮೇಲೆ ನಮ್ಮಂಥವರು. ಟಾಕೀಸಿನ ಲೆಕ್ಕ ಇಲ್ಲಿ ಉಲ್ಟಾ, ಗಾಂಧಿ ಕ್ಲಾಸು ಹಿಂದುಗಡೆ! ರ‍್ಯಾಂಪ್ ತುದಿಯಲ್ಲಿ ಮೆಟ್ಟಿಲು ಕಟ್ಟೆಯ ಮೇಲೆ ಛಾಯಾಗ್ರಾಹಕರ ದಂಡು. ಬೆಳಿಗ್ಗೆಯೇ ಬಂದು ತಮ್ಮ ಜಾಗಕ್ಕೆ ಟೇಪು ಅಂಟಿಸಿ ಹೆಸರು ಬರೆದಿಟ್ಟಿರುತ್ತಾರೆ. ಒಂದು ಶೋ ನಡೆಯುವುದು ಹೆಚ್ಚೆಂದರೆ ಕಾಲು ಗಂಟೆ. ಆ ಕಾಲು ಗಂಟೆಗಾಗಿ ನಾವು ಕಾಯುವುದು ಅದರ ಎರಡು ಮೂರು ಪಟ್ಟು.

ಕಾಯುವಾಗ ಅಪ್ಪನಿಗೆ ಕಥೆ ಹೇಳಿದೆ. ನಿಮಗೂ ಹೇಳುತ್ತೇನೆ ಕೇಳಿ. ಜೀವಂತ ಹುಡುಗಿಯರಿಗೆ ಉಡುಪು ತೊಡಿಸಿ ಗಿರಾಕಿಗಳ ಮುಂದೆ ಓಡಾಡಿಸುವುದನ್ನು 19ನೇ ಶತಮಾನದಲ್ಲಿ ಪ್ಯಾರಿಸಿನಲ್ಲಿ ರೂಢಿಗೆ ತಂದವನು ಚಾರ್ಲ್ಸ್ ಫ್ರೆಡರಿಕ್ ವರ್ಥ್ ಎಂಬ ಇಂಗ್ಲಿಷ್ ದರ್ಜಿ. ಅದಕ್ಕೆ ಸಂಗೀತ, ದೀಪ, ನಾಟಕದ ಕಳೆ ಕೊಟ್ಟವಳು ಲಂಡನ್ನಿನ ಲೇಡಿ ಡಫ್ ಗಾರ್ಡನ್. ಇವಳು ಯಾರು ಗೊತ್ತೇ? 1912ರಲ್ಲಿ ಮುಳುಗಿದ ಟೈಟಾನಿಕ್ ಹಡಗಿನಿಂದ ಬದುಕಿ ಬಂದವಳು! 1997ರ ‘ಟೈಟಾನಿಕ್’ ಸಿನಿಮಾದಲ್ಲಿ ಆಕೆಯ ಪಾತ್ರವೂ ಇದೆ, ಮುಂದಿನ ಸಲ ನೋಡುವಾಗ ಹುಡುಕಿ. ನಮ್ಮ ದೇಶದಲ್ಲಿ ಫ್ಯಾಷನ್ ವೀಕ್ ಎಂಬುದು ದೆಹಲಿಯಲ್ಲಿ ನಡೆದದ್ದು 2000ದಲ್ಲಿ. ಕೊನೆಯಲ್ಲಿ ಸಿನಿಮಾ ತಾರೆಯನ್ನು ನಡೆಸುವುದು ಮಾತ್ರ ನಮ್ಮವರು ಬಹಳ ಬೆಳೆಸಿದ ಪದ್ಧತಿ. ಶೋಸ್ಟಾಪರ್ ಅನ್ನುತ್ತಾರೆ. ಮೂವತ್ತು ಉಡುಪು ಹೊಲಿಸಿ ತಂದರೂ ಮರುದಿನದ ಪೇಪರಿನಲ್ಲಿ ಅಚ್ಚಾಗುವುದು ತಾರೆಯ ಒಂದೇ ಫೋಟೋ. ಪಾಪ, ವಿನ್ಯಾಸಕಾರರು ಏನು ಮಾಡಬೇಕು ಹೇಳಿ?

ಅವತ್ತು ಹೈದರಾಬಾದಿನ ಅನುಶ್ರೀ ರೆಡ್ಡಿಯವರ ಸಂಗ್ರಹ. ದೀಪ ಆರಿತು, ರ‍್ಯಾಂಪ್ ಮೇಲೆ ಬೆಳಕು ಬಿತ್ತು, ಒಬ್ಬೊಬ್ಬಳೇ ಬರತೊಡಗಿದಳು. ಮದುವೆ ಮನೆಯ ಲೆಹಂಗಾಗಳು, ಮೈತುಂಬ ಕಸೂತಿ. ರೂಪದರ್ಶಿಯರ ಮುಖದಲ್ಲಿ ನಗು ಇರುವುದಿಲ್ಲ; ನೋಡುವವರ ಕಣ್ಣು ಮುಖದಿಂದ ಬಟ್ಟೆಗೆ ಇಳಿಯಲಿ ಅಂತ. ಆದರೆ ನಮ್ಮಪ್ಪನ ಕಣ್ಣು ಬಟ್ಟೆಯಿಂದಲೂ ಕೆಳಗೆ, ನೆಲಕ್ಕೇ ಇಳಿದಿತ್ತು! ಲೆಹಂಗಾದ ಅಂಚು ನೆಲಕ್ಕೆ ಎಷ್ಟು ತಾಗುತ್ತದೆ, ತಿರುಗಿದಾಗ ಕಳಿ ಹೇಗೆ ಬೀಳುತ್ತದೆ ಎಂದು ನೋಡುತ್ತಾ ಬೆರಳು ಮಡಿಸಿ ಏನೋ ಲೆಕ್ಕ ಹಾಕುತ್ತಿದ್ದ. “ಅಡ್ಡಾದ ಮ್ಯಾಲಿನ ಕೆಲಸ. ಇದಕ್ಕ ನಾಕು ಮಂದಿ ತಿಂಗಳಾನಗಟ್ಟಲೆ ಕುಂತಾರ” ಎಂದು ಪಿಸುಗುಟ್ಟಿದ. ನಾನು ಪುಸ್ತಕದಲ್ಲಿ ‘ಕನಸಿನ ಲೋಕ’ ಅಂತ ಬರೆದುಕೊಂಡಿದ್ದೆ. ಅದನ್ನು ಹೊಡೆದು ಹಾಕಿದೆ.

ಕೊನೆಗೆ ಬಂದಳು ನೋಡಿ... ಸುಶ್ಮಿತಾ ಸೇನ್! ‘ಮೈ ಹೂಂ ನಾ’ದ ಚಾಂದನಿ ಮೇಡಂ! ಅರಿಶಿನ ಬಣ್ಣದ ಲೆಹಂಗಾ, ಕೈಯಲ್ಲಿ ಹೂಗುಚ್ಛ. ತನಗೆ ಹೃದಯಾಘಾತ ಆಗಿತ್ತು, ಸ್ಟೆಂಟ್ ಹಾಕಿದ್ದಾರೆ ಎಂದು ಆಕೆ ಜಗತ್ತಿಗೆ ತಿಳಿಸಿದ್ದು ಅದೇ ಮಾರ್ಚ್ ತಿಂಗಳ ಮೊದಲ ವಾರ. ಆಗ ಆಕೆಗೆ 47 ವರ್ಷ. ಎರಡನೇ ವಾರದಲ್ಲಿ ಆಕೆ ರ‍್ಯಾಂಪ್ ಮೇಲೆ! ಇಡೀ ಮಂಟಪ ಎದ್ದು ಚಪ್ಪಾಳೆ ಹೊಡೆಯಿತು. ಆಕೆ ಮಾತ್ರ ಬಿಗಿದ ಮುಖದವಳಲ್ಲ, ಬಾಯ್ತುಂಬ ನಗುತ್ತಿದ್ದಳು. ಹೂಗುಚ್ಛವನ್ನು ಕೆಳಗೆ ಕೂತಿದ್ದವರಿಗೆ ಕೊಟ್ಟು ಮುಂದೆ ನಡೆದಳು. ಅಪ್ಪ ಅವತ್ತು ಮೊದಲ ಬಾರಿ ಅಂಚು ಬಿಟ್ಟು ಮುಖ ನೋಡಿದ. ಅಪ್ಪನಿಗೂ ಹೃದಯದ ಮಾತ್ರೆ ಇದೆ.

ರಾತ್ರಿ ಸಯನ್ನಿನಿಂದ ವಾಪಸು ಬಸ್ಸು. ಅಪ್ಪ ಮಾತಿಲ್ಲ. ಬಾಗಿಲಲ್ಲಿ ಆಡಿದ ಮಾತು ಗಂಟಲಲ್ಲಿ ಮೀನಿನ ಮುಳ್ಳಾಗಿ ಕೂತಿತ್ತು. ಅದನ್ನು ತೆಗೆಯಲು ಧೈರ್ಯ ಸಾಲದೆ ಸುಶ್ಮಿತಾಳ ಸುದ್ದಿ ತೆಗೆದೆ.

1994ರಲ್ಲಿ ಗೋವಾದಲ್ಲಿ ಮಿಸ್ ಇಂಡಿಯಾ ಸ್ಪರ್ಧೆ. ಎದುರಾಳಿ ಯಾರು? ನಮ್ಮ ಮಂಗಳೂರಿನಲ್ಲಿ ಹುಟ್ಟಿದ ಐಶ್ವರ್ಯಾ ರೈ! ಸುಶ್ಮಿತಾಳ ಮನೆಯವರ ಹತ್ತಿರ ದೊಡ್ಡ ವಿನ್ಯಾಸಕಾರರಿಂದ ಗೌನು ಮಾಡಿಸುವಷ್ಟು ದುಡ್ಡಿರಲಿಲ್ಲ. ತಾಯಿ ಮಗಳು ದೆಹಲಿಯ ಸರೋಜಿನಿ ನಗರದ ಮಾರುಕಟ್ಟೆಯಲ್ಲಿ ಬಟ್ಟೆ ತಂದರು. ಹೊಲಿದುಕೊಟ್ಟವನು ಯಾರು? ಕೆಳಗಿನ ಗ್ಯಾರೇಜಿನಲ್ಲಿ ಕೂತು ಹೆಂಗಸರ ಪೆಟಿಕೋಟ್ ಹೊಲಿಯುತ್ತಿದ್ದ ಒಬ್ಬ ಟೈಲರ್! ಉಳಿದ ಬಟ್ಟೆಯಲ್ಲಿ ತಾಯಿ ಗುಲಾಬಿ ಹೂ ಮಾಡಿದಳು. ಕೈಗವಸು ಬೇಕಲ್ಲ, ಹೊಸ ಕಾಲುಚೀಲ ಕೊಂಡು, ಕತ್ತರಿಸಿ, ಇಲಾಸ್ಟಿಕ್ ಹಾಕಿದರು. ಅದೇ ಗೌನಿನಲ್ಲಿ ಅವಳು ಮಿಸ್ ಇಂಡಿಯಾ ಗೆದ್ದಳು, ಅದೇ ವರ್ಷ ಮನಿಲಾದಲ್ಲಿ ವಿಶ್ವಸುಂದರಿ. ಭಾರತಕ್ಕೆ ಆ ಕಿರೀಟ ತಂದ ಮೊದಲನೆಯವಳು. ಈ ಕಥೆಯನ್ನು ಟೀವಿಯಲ್ಲಿ ಆಕೆಯೇ ಹೇಳಿಕೊಂಡಿದ್ದಾಳೆ.

ಅಪ್ಪ ಮಲಗಿದಲ್ಲಿಂದ ಎದ್ದು ಕೂತ. “ಪೆಟಿಕೋಟ್ ಹೊಲಿಯಾಂವ?”

“ಹೌದಪ್ಪಾ.”

“ಕೂಲಿ ಎಷ್ಟ ತಗೊಂಡಿದ್ನಂತ?”

“ಅದನ್ನ ಹೇಳಿಲ್ಲ.”

ಅಪ್ಪ ಸ್ವಲ್ಪ ಹೊತ್ತು ಕಿಟಕಿಯ ಹೊರಗೆ ನೋಡಿದ. ವಾಶಿಯ ಸೇತುವೆ ಬಂತು, ಕೆಳಗೆ ಖಾಡಿಯ ನೀರಲ್ಲಿ ದೀಪಗಳು. “ಅಂವಾ ಟೀವಿ ಮುಂದ ಕುಂತಿರಬೇಕು ಅವತ್ತ. ಮಂದಿ ಆಕೀ ಮಾರಿ ನೋಡಿರ್ತಾರ. ಅಂವಾ ಫಿಟಿಂಗ್ ನೋಡಿರ್ತಾನ” ಅಂದ. ಆಮೇಲೆ ಕೈ ಚಾಚಿ, “ಆ ಕೋಟ್ ಬಿಚ್ಚಿ ಕೊಡು ಇಲ್ಲೆ. ಬಗಲಾಗ ಹರದೈತಿ. ನಿನ್ನೆ ಸಂಜೀಲಿಂದ ನೋಡಾಕ ಹತ್ತೇನಿ.”

ಸಫಾರಿಯ ನಾಲ್ಕನೇ ಜೇಬಿನಿಂದ ಒಂದು ಪುಟ್ಟ ಡಬ್ಬಿ ಬಂತು. ಸೂಜಿ, ಕರೀ ದಾರ, ಬ್ಲೇಡು. ಬಸ್ಸಿನ ನೀಲಿ ದೀಪದಲ್ಲಿ ದಾರ ಪೋಣಿಸಲು ನಾಲ್ಕು ಸಲ ನೋಡಿದ, ಆಗಲಿಲ್ಲ. ಸೂಜಿ ನನ್ನ ಕೈಗೆ ಕೊಟ್ಟ. ನಾನು ಪೋಣಿಸಿ ಕೊಟ್ಟೆ. ಕುಲುಕಾಡುವ ಬಸ್ಸಿನಲ್ಲಿ ಒಂದು ಹೊಲಿಗೆಯೂ ಅಡ್ಡ ಹೋಗಲಿಲ್ಲ.

ಎದುರು ಸೀಟಿನ ಬೆಳಗಾವಿಯ ಹಿರಿಯರೊಬ್ಬರು ಇದನ್ನೆಲ್ಲ ನೋಡುತ್ತಾ ಕೂತಿದ್ದರು. ಕೊನೆಗೆ ತಡೆಯಲಾರದೆ ಕೇಳಿದರು, “ಮಗಾ ಏನ್ರೀ?”

ಅಪ್ಪ ದಾರ ಹಲ್ಲಿನಿಂದ ಕಡಿದು, ನನ್ನ ಮುಖ ನೋಡದೆಯೇ ಹೇಳಿದ, “ಅಲ್ರೀ. ನಮ್ಮ ಊರಾಂವ.”

ನಾನು ತಲೆ ಎತ್ತಲಿಲ್ಲ. ಕೋಟು ಬಂದು ನನ್ನ ತೊಡೆಯ ಮೇಲೆ ಬಿತ್ತು.

“ಹಾಕ್ಕೋ, ಥಂಡಿ ಐತಿ. ಎಡಗಡೆ ಭುಜ ಅರ್ಧಾ ಇಂಚು ಇಳದೈತಿ. ಅದು ಕೈಲೆ ಆಗೂದಿಲ್ಲ, ಮಶೀನು ಬೇಕು. ಊರಿಗೆ ಹೋಗಿ ನೋಡೂಣು.”